ಮೇಲಿನ ಮನೆಯ ಸದ್ದು, ಕೆಳಗಿನ ಮನೆಯ ದೂರು: ಬಾಡಿಗೆಗೆ ಕೊಟ್ಟವರು ಏನು ಮಾಡಬೇಕು?

ಹಂಚಿನಮನೆ (ಸುಂಟಿಕೊಪ್ಪ):

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಹಳೆಯ ಹಂಚಿನ ಮನೆಯೊಂದಿದೆ; ಮಾಳಿಗೆಯ ನೆಲ ಮರದ ಹಲಗೆಯದು. ನಾವು ತೋಟದ ಮನೆಯಲ್ಲೇ ಇರುವುದರಿಂದ ಅದನ್ನು ಮೇಲೆ, ಕೆಳಗೆ ಎಂದು ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದೇನೆ. ಕೆಳಗೆ ನಿವೃತ್ತ ಶಿಕ್ಷಕಿಯೊಬ್ಬರು ಒಂಬತ್ತು ವರ್ಷಗಳಿಂದ ಒಬ್ಬರೇ ಇದ್ದಾರೆ. ತಿಂಗಳಿಗೆ 6,500 ರೂಪಾಯಿ ಬಾಡಿಗೆ, ಒಂದು ಬಾರಿಯೂ ತಡವಾಗಿಲ್ಲ. ಮೇಲೆ ಕಳೆದ ವರ್ಷ ಜೂನ್ ತಿಂಗಳಿನಿಂದ ಮೂವರು ಯುವಕರಿದ್ದಾರೆ. ಒಬ್ಬರಿಗೆ ರೆಸಾರ್ಟಿನಲ್ಲಿ ಕೆಲಸ, ಒಬ್ಬರಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ, ಇನ್ನೊಬ್ಬರು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರದು 9,000 ರೂಪಾಯಿ, ಮುಂಗಡ 50,000. ಹನ್ನೊಂದು ತಿಂಗಳ ಕರಾರು ಏಪ್ರಿಲ್ ಕೊನೆಗೆ ಮುಗಿಯಿತು. ಹೊಸದನ್ನು ಮಾಡಿಸಲು ನಾನೇ ಉದಾಸೀನ ಮಾಡಿದೆ. ಬಾಡಿಗೆ ಮಾತ್ರ ಮೊದಲಿನಂತೆ ಬರುತ್ತಿದೆ.

ಕಳೆದ ಎರಡು ತಿಂಗಳಲ್ಲಿ ಶಿಕ್ಷಕಿಯವರು ನನಗೆ ಹದಿನಾಲ್ಕು ಬಾರಿ ಸಂದೇಶ ಕಳುಹಿಸಿದ್ದಾರೆ. ರಾತ್ರಿ ಹನ್ನೆರಡರ ನಂತರ ನಡೆದಾಡುವ ಸದ್ದು, ಕುರ್ಚಿ ಎಳೆಯುವ ಸದ್ದು, ಶನಿವಾರ ಸ್ನೇಹಿತರು ಸೇರಿದರೆ ಹಾಡು. ಯುವಕರನ್ನು ಕೇಳಿದರೆ, ‘ಅಂಕಲ್, ನಾವು ಮಾತನಾಡಿದರೂ ಅವರಿಗೆ ಗಲಾಟೆಯೇ’ ಎನ್ನುತ್ತಾರೆ. ನೀರಿನ ಮೋಟಾರು ನಿಲ್ಲಿಸು, ತಾವಾಗಿಯೇ ಖಾಲಿ ಮಾಡುತ್ತಾರೆ ಎಂದು ನನ್ನ ತಮ್ಮ ಹೇಳುತ್ತಿದ್ದಾನೆ. ಇಬ್ಬರನ್ನೂ ಕಳುಹಿಸಿ ಒಂದೇ ಕುಟುಂಬಕ್ಕೆ ಕೊಡುವುದು ವಾಸಿ ಎಂದು ಮನೆಯವರ ಅಭಿಪ್ರಾಯ. ಅನುಭವವುಳ್ಳವರು ದಾರಿ ತೋರಿಸಬೇಕು.

ಮೂರುಮನೆ (ಕುಶಾಲನಗರ):

ಸಾರ್, ಮೊದಲು ಒಂದು ರಾತ್ರಿ ಆ ಕೆಳಗಿನ ಮನೆಯಲ್ಲಿ ಮಲಗಿ ನೋಡಿ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಹದಿನೈದು ಕಿಲೋಮೀಟರ್ ದೂರದ ತೋಟದಲ್ಲಿ ಕುಳಿತು ಸಂದೇಶ ಓದಿದರೆ ಯಾರ ಮಾತು ಎಷ್ಟು ನಿಜ ಎಂಬುದು ತಿಳಿಯುವುದಿಲ್ಲ.

ನನ್ನ ಕಟ್ಟಡದಲ್ಲಿ ಮೂರು ಮನೆಗಳಿವೆ. ನಾಲ್ಕು ವರ್ಷದ ಹಿಂದೆ ಮೊದಲ ಮಹಡಿಯಲ್ಲಿದ್ದ ಕಾಲೇಜು ಹುಡುಗರ ಮೇಲೆ ಕೆಳಗಿನವರು ದಿನವೂ ದೂರುತ್ತಿದ್ದರು: ಬೆಳಗಿನ ಜಾವ ನಾಲ್ಕೂವರೆಗೆ ಗುಂಯ್‌ಗುಡುವ ಸದ್ದು ಬಂದು ಗೋಡೆಯೇ ನಡುಗುತ್ತದೆ ಎಂದು. ಹುಡುಗರು ಆಣೆ ಇಟ್ಟು ಅಲ್ಲಗಳೆದರೂ ನಾನು ನಂಬಲಿಲ್ಲ; ಖಾಲಿ ಮಾಡಿ ಎಂದೂ ಹೇಳಿಬಿಟ್ಟೆ. ಅವರು ಹೋಗಿ ಮನೆ ಖಾಲಿ ಬಿದ್ದಿದ್ದ ವಾರದಲ್ಲೂ ಅದೇ ಹೊತ್ತಿಗೆ ಅದೇ ಸದ್ದು ಬಂದಿತು. ಹುಡುಕಿದರೆ ನಾನೇ ಹಾಕಿಸಿದ್ದ ನೀರೆತ್ತುವ ಪಂಪು! ಟೈಮರ್ ಇಟ್ಟದ್ದೂ ನಾನೇ. ಕಾಂಕ್ರೀಟಿಗೆ ನೇರವಾಗಿ ಬೋಲ್ಟ್ ಹಾಕಿದ್ದರಿಂದ ಅದರ ಅದುರು ಕಂಬದ ಮೂಲಕ ಮೇಲೆ ಹತ್ತುತ್ತಿತ್ತು. ಅಡಿಗೆ ರಬ್ಬರ್ ಹಾಕಿಸಿ, ಹೊತ್ತನ್ನು ಆರೂವರೆಗೆ ಬದಲಿಸಿದೆ. ಆ ಹುಡುಗರಿಗೆ ಕರೆ ಮಾಡಿ ಕ್ಷಮೆ ಕೇಳಲು ನನಗೆ ಎರಡು ತಿಂಗಳು ಬೇಕಾಯಿತು.

ಅಂದಿನಿಂದ ನನ್ನ ಬಳಿ ಒಂದು ಪುಸ್ತಕವಿದೆ. ಯಾರು ದೂರಿದರು, ಯಾವ ದಿನ, ಎಷ್ಟು ಗಂಟೆಗೆ, ಎಂತಹ ಸದ್ದು, ಎಷ್ಟು ಹೊತ್ತು ಎಂದು ಅದರಲ್ಲಿ ಬರೆಯುತ್ತೇನೆ. ‘ಯಾವಾಗಲೂ ಗಲಾಟೆ’ ಎಂಬ ದೂರನ್ನು ಬರೆದುಕೊಳ್ಳುವುದಿಲ್ಲ.

ಕಪ್ಪುಕೋಟು (ವಿರಾಜಪೇಟೆ):

ವಕೀಲನಾಗಿ ಕೆಲವು ವಿಷಯಗಳನ್ನು ಸ್ಪಷ್ಟಪಡಿಸಬೇಕಾಗಿದೆ. ಎಲ್ಲಕ್ಕಿಂತ ಮೊದಲನೆಯದು, ನಿಮ್ಮ ತಮ್ಮನವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಬಾಡಿಗೆದಾರರ ನೀರನ್ನೋ ವಿದ್ಯುತ್ತನ್ನೋ ಕಡಿತಗೊಳಿಸಿದ ದಿನದಿಂದ ತಪ್ಪಿತಸ್ಥರು ನೀವಾಗುತ್ತೀರಿ. ಅವರ ಹಾಡಿನ ವಿಷಯ ಬದಿಗೆ ಸರಿದು ನಿಮ್ಮ ಮೋಟಾರಿನ ವಿಷಯವೇ ಮುಂದೆ ಬರುತ್ತದೆ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ನಮ್ಮಲ್ಲಿದೆ ಎಂದು ಅನೇಕರು ಅದನ್ನೇ ಉಲ್ಲೇಖಿಸುತ್ತಾರೆ. ಆದರೆ ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಆ ಕಾಯ್ದೆಯೇ ಹೊರಗಿಟ್ಟಿದೆ. ಹಾಗಾಗಿ ಇಂದು ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಬಾಡಿಗೆಗಿರುವ ಬಹುತೇಕ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 116ನೇ ಕಲಮಿನಂತೆ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸಿದರೆ ಬಾಡಿಗೆದಾರಿಕೆ ಮುಂದುವರಿಯುತ್ತದೆ. ವಾಸದ ಮನೆಯಾದರೆ ತಿಂಗಳಿಂದ ತಿಂಗಳಿಗೆ. ನೀವು ಮೇ ತಿಂಗಳಿನಿಂದ ಹಣ ಪಡೆಯುತ್ತಿರುವುದರಿಂದ ಅವರು ಅಕ್ರಮವಾಗಿ ಇದ್ದಾರೆ ಎನ್ನಲು ಬರುವುದಿಲ್ಲ. ಬಿಡಿಸಬೇಕಿದ್ದರೆ 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸು ಕೊಡಬೇಕು. ಆ ಬಳಿಕವೂ ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕೇ ಹೊರತು ಬೀಗ ಹಾಕುವಂತಿಲ್ಲ.

ಶಬ್ದದ ವಿಷಯಕ್ಕೆ ಬಂದರೆ, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರವರೆಗೆ. ಖಾಸಗಿ ಜಾಗದ ಧ್ವನಿ ಸಾಧನದ ಶಬ್ದ ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಶನಿವಾರದ ಹಾಡಿಗೆ ಇದು ಸಾಕು. ಆದರೆ ಮರದ ಹಲಗೆಯ ಮೇಲೆ ಮನುಷ್ಯ ನಡೆದಾಡುವುದನ್ನು ಈ ನಿಯಮ ತಡೆಯಲಾರದು.

ನೇರಮಾತು (ಸೋಮವಾರಪೇಟೆ):

ಇಷ್ಟೆಲ್ಲ ಏಕೆ? ಒಂಟಿ ಹುಡುಗರಿಗೆ ಮನೆ ಕೊಟ್ಟದ್ದೇ ತಪ್ಪು. ಅವರು ಕೆಲಸಕ್ಕೆ ಹೋದಾಗ ಬೇರೆ ಬೀಗ ಹಾಕಿ, ಮುಂಗಡವನ್ನು ಕೈಗಿಟ್ಟು ಸಾಮಾನು ಹೊರಗಿಡಿ. ನಾನು ಹಾಗೆಯೇ ಮಾಡಿದ್ದೇನೆ, ಏನೂ ಆಗಲಿಲ್ಲ.

ಕಪ್ಪುಕೋಟು (ವಿರಾಜಪೇಟೆ):

ನಿಮ್ಮ ಬಾಡಿಗೆದಾರರು ವಕೀಲರ ಬಳಿ ಹೋಗಲಿಲ್ಲ, ಅದಕ್ಕೆ ಏನೂ ಆಗಲಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಆ ದಾವೆಯಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ರಾತ್ರಿಪಾಳಿ (ಮಡಿಕೇರಿ):

ನಾನು ಮನೆ ಮಾಲೀಕನಲ್ಲ, ಬಾಡಿಗೆಗೆ ಇರುವವನು. ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ಕೆಲಸ. ಕೊನೆಯ ಅತಿಥಿ ಊಟ ಮುಗಿಸಿ, ಪಾತ್ರೆ ತೊಳೆದು, ಜೀಪು ಹಿಡಿದು ಬರುವಾಗ ರಾತ್ರಿ ಒಂದಾಗುತ್ತದೆ. ನಮ್ಮ ಊರಿನ ವ್ಯವಹಾರ ಬಹುಮಟ್ಟಿಗೆ ಪ್ರವಾಸಿಗರ ಮೇಲೆ ನಿಂತಿದ್ದು, ಅವರಿಗೆ ಬಡಿಸುವವರು, ಹಾಸಿಗೆ ಹಾಸುವವರು, ಗಾಡಿ ಓಡಿಸುವವರು ಎಲ್ಲರೂ ಈ ಪೇಟೆಯ ಬಾಡಿಗೆ ಮನೆಗಳಲ್ಲೇ ಮಲಗಬೇಕಾಗಿದೆ. ಆದರೆ ಮನೆ ಕೇಳಲು ಹೋದರೆ ‘ಫ್ಯಾಮಿಲಿಗೆ ಮಾತ್ರ’ ಎನ್ನುತ್ತಾರೆ. ಕೊಟ್ಟವರೂ ಹತ್ತಕ್ಕೆ ಗೇಟು ಹಾಕುತ್ತಾರೆ. ಹಿಂದಿನ ಮನೆಯಲ್ಲಿ ಜುಲೈ ತಿಂಗಳ ಜಡಿಮಳೆಯಲ್ಲಿ ನಲವತ್ತು ನಿಮಿಷ ಗೇಟಿನ ಹೊರಗೆ ನಿಂತು ಮಾಲೀಕರಿಗೆ ಫೋನ್ ಮಾಡಿದ್ದೇನೆ. ಅವರು ತೆರೆದಾಗ ಹೇಳಿದ ಮಾತು: ‘ಸದ್ದು ಮಾಡಬೇಡ, ಅಕ್ಕಪಕ್ಕದವರು ಮಲಗಿದ್ದಾರೆ.’

ಹಂಚಿನಮನೆ ಅವರಲ್ಲಿ ಒಂದೇ ಪ್ರಶ್ನೆ. ಮನೆ ಕೊಡುವಾಗ ಅವರ ಕೆಲಸದ ಹೊತ್ತು ಏನೆಂದು ಕೇಳಿದ್ದಿರಾ? ಕೆಳಗೆ ವಯಸ್ಸಾದವರು ಒಬ್ಬರೇ ಇದ್ದಾರೆ, ನೆಲ ಮರದ್ದು ಎಂದು ತಿಳಿಸಿದ್ದಿರಾ?

ಹಂಚಿನಮನೆ (ಸುಂಟಿಕೊಪ್ಪ):

ಪ್ರಾಮಾಣಿಕವಾಗಿ ಹೇಳುವುದಾದರೆ ಎರಡನ್ನೂ ಮಾಡಿರಲಿಲ್ಲ. ಆಧಾರ್ ಪ್ರತಿ ಪಡೆದೆ, ಮುಂಗಡ ಎಣಿಸಿದೆ, ಕೀಲಿ ಕೊಟ್ಟೆ.

ಬೀಟೆಮರ (ನಾಪೋಕ್ಲು):

ನಾನು ಮೂವತ್ತೆರಡು ವರ್ಷ ಮರಗೆಲಸ ಮಾಡಿದವನು. ಹಳೆಯ ಮನೆಗಳ ಮಾಳಿಗೆಯ ಹಲಗೆಗಳನ್ನು ಎಷ್ಟು ಬಿಚ್ಚಿ ಕೂಡಿಸಿದ್ದೇನೆ ಎಂಬ ಲೆಕ್ಕವಿಲ್ಲ. ಸದ್ದಿನಲ್ಲಿ ಎರಡು ಬಗೆ. ಮಾತು, ಹಾಡು, ಟಿವಿ ಇವು ಗಾಳಿಯಲ್ಲಿ ಬಂದು ಸಂದಿಯಲ್ಲಿ ಇಳಿಯುತ್ತವೆ. ಹೆಜ್ಜೆ, ಕುರ್ಚಿ, ಬಿದ್ದ ಲೋಟ ಇವು ನೇರವಾಗಿ ಹಲಗೆಗೆ ಬಡಿದು ತೊಲೆಯ ಮೂಲಕ ಗೋಡೆಗೆ ಹೋಗುತ್ತವೆ. ಮೊದಲನೆಯದಕ್ಕೆ ಸಂದಿ ಮುಚ್ಚಬೇಕು, ಎರಡನೆಯದಕ್ಕೆ ಬಡಿಯುವ ಜಾಗದಲ್ಲೇ ಮೆತ್ತನೆಯದನ್ನು ಹಾಕಬೇಕು. ಕೆಳಗಿನವರ ಸೂರಿಗೆ ಥರ್ಮೋಕೋಲ್ ಅಂಟಿಸಿ ಹಣ ಕಳೆದವರನ್ನು ಬಹಳ ನೋಡಿದ್ದೇನೆ. ಹೆಜ್ಜೆಯ ಸದ್ದಿಗೆ ಅದರಿಂದ ಏನೂ ಆಗುವುದಿಲ್ಲ.

ನಮ್ಮ ಹವೆಯಲ್ಲಿ ಇನ್ನೊಂದು ಸಂಗತಿಯಿದೆ. ಮಳೆಗಾಲದಲ್ಲಿ ಹಲಗೆ ನೀರಾವಿ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ವರ್ಷ ವರ್ಷವೂ ಹೀಗಾಗಿ ಮೊಳೆಗಳು ಸಡಿಲವಾಗುತ್ತವೆ. ಸಡಿಲವಾದ ಹಲಗೆ ಕಾಲಿಟ್ಟಾಗ ತೊಲೆಯ ಮೇಲೆ ತಟ್ಟಿ ಕಿರುಗುಟ್ಟುತ್ತದೆ; ಬೆಕ್ಕು ನಡೆದರೂ ಕಳ್ಳ ಬಂದ ಹಾಗೆ ಕೇಳಿಸುತ್ತದೆ. ಮೊಳೆ ತೆಗೆದು ಸ್ಕ್ರೂ ಹಾಕಿ ಬಿಗಿ ಮಾಡಿಸಿ. ಸಂದಿಗೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿಸಬಹುದು, ಆದರೆ ಅದನ್ನು ಮಳೆಗಾಲದಲ್ಲಿ ಮಾಡಿಸಬೇಡಿ, ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಉದುರುತ್ತದೆ. ಸದ್ಯಕ್ಕೆ ನಡೆದಾಡುವ ದಾರಿಗೆ ದಪ್ಪ ತೆಂಗಿನ ನಾರಿನ ಹಾಸು, ಅದರ ಕೆಳಗೆ ರಬ್ಬರ್ ಹಾಳೆ, ಕುರ್ಚಿ ಮಂಚಗಳ ಕಾಲಿಗೆ ರಬ್ಬರ್ ಬೂಚು. ಇಷ್ಟು ಮಾಡಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಕೆಳಮನೆ (ಗೋಣಿಕೊಪ್ಪ):

ಎಲ್ಲರೂ ಮೇಲಿನವರ ಕಷ್ಟ, ಮಾಲೀಕರ ಕಷ್ಟ ಹೇಳಿದ್ದೀರಿ. ಆರು ವರ್ಷ ಕೆಳಗಿನ ಮನೆಯಲ್ಲಿ ಇದ್ದವಳಾಗಿ ನನಗೂ ಎರಡು ಮಾತು ಹೇಳಲಿಕ್ಕಿದೆ. ರಾತ್ರಿ ಒಂದಕ್ಕೆ ಎಚ್ಚರವಾದರೆ ತೊಂದರೆ ಆ ಕ್ಷಣಕ್ಕೆ ಮುಗಿಯುವುದಿಲ್ಲ; ಮರುದಿನ ಹತ್ತು ಗಂಟೆಯಿಂದಲೇ ಇಂದೂ ಆಗಬಹುದೇ ಎಂದು ಕಾಯುತ್ತಾ ಮಲಗುತ್ತೇವೆ. ಕಾಯುವಾಗ ಸಣ್ಣ ಸದ್ದೂ ದೊಡ್ಡದಾಗುತ್ತದೆ, ನಿಜ. ಆದರೆ ಅದಕ್ಕಾಗಿ ನಮ್ಮನ್ನು ‘ಕಿರಿಕಿರಿ ಹೆಂಗಸು’ ಎಂದು ಬದಿಗಿಡುವುದು ಸರಿಯಲ್ಲ. ನಾನು ದೂರಿದಾಗಲೆಲ್ಲ ನಮ್ಮ ಮಾಲೀಕರು ‘ಹೇಳುತ್ತೇನಮ್ಮ’ ಎನ್ನುತ್ತಿದ್ದರು. ಮೇಲಿನವರು ಕೊಡುವ ಬಾಡಿಗೆ ನನ್ನದಕ್ಕಿಂತ ಎರಡೂವರೆ ಸಾವಿರ ಹೆಚ್ಚು ಎಂದು ನಂತರ ತಿಳಿಯಿತು. ಕೊನೆಗೆ ಮನೆ ಬಿಟ್ಟವಳು ನಾನೇ.

ಹಂಚಿನಮನೆ ಅಣ್ಣ, ಒಂಬತ್ತು ವರ್ಷ ಒಂದು ದಿನವೂ ತಡಮಾಡದ ಆ ಟೀಚರನ್ನೂ ಕಳುಹಿಸುವ ಮಾತು ನಿಮ್ಮ ಮನೆಯಲ್ಲಿ ಬಂದಿತಲ್ಲ, ಅದನ್ನು ಓದಿ ಬೇಸರವಾಯಿತು. ಅವರ ಹದಿನಾಲ್ಕು ಸಂದೇಶಗಳಲ್ಲಿ ಎಷ್ಟಕ್ಕೆ ಉತ್ತರ ಬರೆದಿದ್ದೀರಿ?

ಏಲಕ್ಕಿಬೆಟ್ಟ (ಸಿದ್ದಾಪುರ):

ನನ್ನ ಅನುಭವ ಇದಕ್ಕಿಂತ ಕೆಟ್ಟದ್ದು. ತೋಟದ ಅಂಚಿನ ಮನೆಯನ್ನು ವಾಸಕ್ಕೆಂದು ಒಬ್ಬರಿಗೆ ಕೊಟ್ಟೆ. ಅವರು ಅಲ್ಲಿ ವಾಸವೇ ಮಾಡಲಿಲ್ಲ. ವಾರಾಂತ್ಯಕ್ಕೆ ಪ್ರವಾಸಿಗರಿಗೆ ಕೊಡಲು ಶುರುಮಾಡಿದರು. ಶುಕ್ರವಾರ ರಾತ್ರಿ ಕಾರುಗಳು ಬರುವವು, ಅಂಗಳದಲ್ಲಿ ಬೆಂಕಿ, ದೊಡ್ಡ ಸ್ಪೀಕರು, ಎರಡು ಗಂಟೆಯವರೆಗೆ ಕುಣಿತ. ನಮ್ಮದು ಆನೆ ಓಡಾಡುವ ದಾರಿ. ಸಂಜೆಯಾದ ಮೇಲೆ ಕಿವಿಗೊಟ್ಟು, ಸೊಪ್ಪು ಮುರಿಯುವ ಸದ್ದು ಬಂದರೆ ಮಾತ್ರ ಒಳಗೆ ಓಡುವ ಲೈನ್ ಮನೆಯವರಿಗೆ (ಸಾಲುಮನೆಗಳಲ್ಲಿರುವ ತೋಟದ ಕೆಲಸದವರಿಗೆ) ಆ ಹಾಡಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಅದಕ್ಕೆ.

ಕೇಳಿದರೆ ಅವರು ಕರಾರು ತೋರಿಸಿದರು. ಬೇರೆಯವರಿಗೆ ಕೊಡಬಾರದು ಎಂದು ಅದರಲ್ಲಿ ಬರೆದಿರಲಿಲ್ಲ. ಅಂಗಡಿಯಲ್ಲಿ ಸಿಗುವ ಅಚ್ಚಾದ ನಮೂನೆಯನ್ನು ತುಂಬಿಸಿ ಸಹಿ ಹಾಕಿದ್ದೆ. ಅಕ್ಕಪಕ್ಕದ ತೋಟದವರು, ಕೆಲಸದವರು ಸೇರಿ ಒಟ್ಟಾಗಿ ಬರೆದ ಅರ್ಜಿ ಪೊಲೀಸ್ ಠಾಣೆಗೆ ಹೋಯಿತು. ಎರಡು ಶನಿವಾರ 112ಕ್ಕೆ ಕರೆ ಮಾಡಿದಾಗ ಬಂದು ಸ್ಪೀಕರು ನಿಲ್ಲಿಸಿದರು. ಮನೆ ಖಾಲಿ ಮಾಡಿಸಲು ಮಾತ್ರ ನೋಟಿಸು, ಮಾತುಕತೆ ಎಂದು ಐದು ತಿಂಗಳಾಯಿತು.

ಕಪ್ಪುಕೋಟು (ವಿರಾಜಪೇಟೆ):

ಈ ಅನುಭವ ಬಹಳ ಮಂದಿಗೆ ಪಾಠವಾಗಬೇಕು. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು ಎಂದಿದೆ. ಮಾಲೀಕರು ತಿಳಿದಿರುವುದು ಇದಕ್ಕೆ ತದ್ವಿರುದ್ಧ. ಆದುದರಿಂದ ‘ಕುಟುಂಬದ ಅಥವಾ ಇಲ್ಲಿ ಹೆಸರಿಸಿದವರ ವಾಸಕ್ಕೆ ಮಾತ್ರ, ಒಳಬಾಡಿಗೆಗೂ ಪ್ರವಾಸಿಗರ ತಂಗುವಿಕೆಗೂ ಕೊಡತಕ್ಕದ್ದಲ್ಲ’ ಎಂದು ಬರೆಯಲೇಬೇಕು. ಶಬ್ದಕ್ಕೂ ಹಾಗೆಯೇ. ‘ಯಾರಿಗೂ ತೊಂದರೆ ಕೊಡಬಾರದು’ ಎಂಬ ವಾಕ್ಯ ನ್ಯಾಯಾಲಯದಲ್ಲಿ ಗಾಳಿಗೆ ಹಾರುತ್ತದೆ; ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮನೆಯ ಹೊರಗೆ ಕೇಳುವಂತೆ ಧ್ವನಿವರ್ಧಕ ಬಳಸಬಾರದು ಎಂಬುದು ನಿಲ್ಲುತ್ತದೆ. ಷರತ್ತು ಮುರಿದರೆ ಬಾಡಿಗೆದಾರಿಕೆ ರದ್ದಾಗುತ್ತದೆ ಎಂಬುದನ್ನೂ ಬರೆಯಬೇಕು. ಬರೆದಿದ್ದರೂ, ಶಬ್ದದಂತಹ ಷರತ್ತಾದರೆ ಮುರಿದದ್ದು ಯಾವುದು ಎಂದು ಲಿಖಿತವಾಗಿ ತಿಳಿಸಿ, ಸರಿಪಡಿಸಿಕೊಳ್ಳಬಹುದಾದ ತಪ್ಪಾದರೆ ಅದಕ್ಕೆ ಅವಕಾಶ ಕೊಡದೆ ಮುಂದೆ ಹೋಗುವಂತಿಲ್ಲ.

ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಇಬ್ಬರೂ ಒಪ್ಪಿದ ತೀರ್ಮಾನಕ್ಕೆ ಡಿಕ್ರಿಯ, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಪಿನ, ಬೆಲೆಯಿದೆ, ಮೇಲ್ಮನವಿ ಇಲ್ಲ.

ಗದ್ದೆಬದಿ (ಪೊನ್ನಂಪೇಟೆ):

ವಿಷಯಕ್ಕೆ ಸ್ವಲ್ಪ ಪಕ್ಕದ ಮಾತು. ಹೊರ ಜಿಲ್ಲೆಯಿಂದ ವರ್ಗವಾಗಿ ಬಂದ ಕುಟುಂಬವೊಂದು ನಮ್ಮ ಮನೆಯಲ್ಲಿತ್ತು. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸಿದೆವು. ಅವರ ಮಗು ಹೆದರಿ ಬೆಳಗಿನವರೆಗೆ ಅತ್ತಿತು. ಮರುದಿನ ಅವರು ದೂರಿದಾಗ ನನಗೆ ಮೊದಲು ಕೋಪವೇ ಬಂದದ್ದು, ಇದು ನಮ್ಮ ಹಬ್ಬ ಎಂದು. ಆಮೇಲೆ ಯೋಚಿಸಿದರೆ, ಇಂತಹ ದಿನ ಇಷ್ಟು ಹೊತ್ತಿಗೆ ಗುಂಡಿನ ಸದ್ದಾಗುತ್ತದೆ ಎಂದು ಹಿಂದಿನ ದಿನ ಒಂದು ಮಾತು ಹೇಳಲು ನನಗೇನು ಕಷ್ಟವಿತ್ತು? ಮರುವರ್ಷ ಹೇಳಿದೆ. ಮಗುವನ್ನು ಎತ್ತಿಕೊಂಡು ಅವರೇ ಗದ್ದೆಗೆ ಬಂದು, ಎಲ್ಲರ ಜೊತೆ ‘ಪೊಲಿ ಪೊಲಿ ದೇವಾ’ ಎಂದು ಕೂಗಿದರು.

ಹಂಚಿನಮನೆ (ಸುಂಟಿಕೊಪ್ಪ):

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೂರುಮನೆ ಅವರು ಹೇಳಿದಂತೆ ನಾನೂ ನಮ್ಮ ಮನೆಯವರೂ ಎರಡು ರಾತ್ರಿ ಟೀಚರ ಮನೆಯಲ್ಲಿ ಉಳಿದೆವು. ಅವರು ನಮ್ಮನ್ನು ನೆಂಟರಂತೆ ನೋಡಿಕೊಂಡು ಕಡುಬು, ಕಣಿಲೆ ಸಾರು ಮಾಡಿ ಬಡಿಸಿದ್ದರಿಂದ ನಾವು ತನಿಖೆಗೆ ಬಂದವರೆಂಬುದೇ ಮರೆತುಹೋಗುವಂತಿತ್ತು. ರಾತ್ರಿ 12.40ಕ್ಕೆ ಮರದ ಮೆಟ್ಟಿಲಿನ ಮೇಲೆ ಬೂಟಿನ ಸದ್ದು. ಒಂದೂಕಾಲಿಗೆ ಕುರ್ಚಿ ಎಳೆದದ್ದು, ನಮ್ಮ ತಲೆಯ ಮೇಲೆಯೇ ಎಳೆದಂತಿತ್ತು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಯಾರಿಗೆ ಸಂಬಳ ಬಂದಿಲ್ಲ ಎಂಬುದೂ ತಿಳಿಯಿತು. ಆ ಹುಡುಗರು ಕೂಗುತ್ತಿರಲಿಲ್ಲ. ನಮ್ಮ ಮನೆಯೇ ಹಾಗಿದೆ. ಶನಿವಾರದ ಹಾಡು ಮಾತ್ರ ನಿಜವಾಗಿಯೂ ಅತಿಯಾಗಿತ್ತು, ಅದಕ್ಕೆ ಸಮರ್ಥನೆ ಇಲ್ಲ.

ಮರುದಿನ ಎಲ್ಲರನ್ನೂ ಕೂರಿಸಿ ಮಾತನಾಡಿದಾಗ ಹೊಸ ವಿಷಯವೊಂದು ಹೊರಬಂದಿತು. ಟೀಚರು ಬೆಳಿಗ್ಗೆ ಐದೂವರೆಗೆ ರೇಡಿಯೋ ಹಾಕುತ್ತಾರೆ. ಕಿವಿ ಸ್ವಲ್ಪ ಮಂದವಾಗಿರುವುದರಿಂದ ಜೋರಾಗಿಯೇ ಹಾಕುತ್ತಾರೆ. ಮೂರು ಗಂಟೆಗೆ ಮಲಗಿದ ಆಸ್ಪತ್ರೆಯ ಹುಡುಗನಿಗೆ ಅದರಿಂದ ಎಚ್ಚರವಾಗುತ್ತಿತ್ತು, ಹಿರಿಯರು ಎಂದು ಒಂದು ವರ್ಷದಿಂದ ಹೇಳಿರಲಿಲ್ಲ. ಬೆಳಿಗ್ಗೆ ಆರರವರೆಗೂ ರಾತ್ರಿಯೇ ಎಂದು ಕಪ್ಪುಕೋಟು ಅವರು ಬರೆದದ್ದು ನೆನಪಾದರೂ ನಾನು ಬಾಯಿ ಬಿಡಲಿಲ್ಲ. ಟೀಚರು ತಾವಾಗಿಯೇ ‘ಅಯ್ಯೋ ಮಗನೇ, ಮೊದಲೇ ಹೇಳಬಾರದಿತ್ತೇ’ ಎಂದರು. ಈಗ ರೇಡಿಯೋ ಅಡುಗೆಮನೆಗೆ ಹೋಗಿದೆ, ಆರೂಕಾಲಿಗೆ ಶುರುವಾಗುತ್ತದೆ.

ಬೀಟೆಮರ ಅವರು ಹೇಳಿದಂತೆ ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿ ಮಾಡಿಸಿದೆ, ನಾರಿನ ಹಾಸು ಹಾಕಿಸಿದೆ; ಕೂಲಿ ಸೇರಿ 11,400 ರೂಪಾಯಿ ಆಯಿತು, ಅದನ್ನು ನಾನೇ ಭರಿಸಿದೆ. ಸಂದಿ ತುಂಬಿಸುವುದು ಫೆಬ್ರವರಿಗೆ. ಬೂಟುಗಳನ್ನು ಮೆಟ್ಟಿಲಿನ ಕೆಳಗೇ ಬಿಡಲು ಹುಡುಗರು ಒಪ್ಪಿದ್ದಾರೆ. ಹಾಡಿನ ಷರತ್ತು, ಒಳಬಾಡಿಗೆಯ ಷರತ್ತು ಸೇರಿಸಿ ಹೊಸ ಕರಾರು ಆಗಿದೆ. ಆದರೆ ಸ್ನೇಹಿತರನ್ನು ಸೇರಿಸುತ್ತಿದ್ದ ಅಂಗಡಿಯ ಹುಡುಗನಿಗೆ ಅದು ಹಿಡಿಸದೆ, ಈ ತಿಂಗಳ ಕೊನೆಗೆ ಬಿಡುತ್ತೇನೆ ಎಂದಿದ್ದಾನೆ. ಅವನು ಹೊಸ ಕರಾರಿಗೆ ಸಹಿ ಹಾಕಿಲ್ಲ. ಮುಂಗಡದಲ್ಲಿ ತನ್ನ ಮೂರನೇ ಒಂದು ಪಾಲು ಕೇಳುತ್ತಿದ್ದಾನೆ, ಉಳಿದ ಇಬ್ಬರು ಮನೆ ಬಿಡುವಾಗ ಒಟ್ಟಿಗೆ ಕೊಡಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಕಪ್ಪುಕೋಟು (ವಿರಾಜಪೇಟೆ):

ಮುಂಗಡ ಯಾರ ಖಾತೆಯಿಂದ ಬಂದಿತ್ತು, ಹಳೆಯ ಕರಾರಿನಲ್ಲಿ ಯಾರ ಯಾರ ಹೆಸರಿದೆ ಎಂಬುದನ್ನು ಮೊದಲು ನೋಡಿ. ಮೂವರ ಹೆಸರೂ ಇದ್ದರೆ, ಹೋಗುವವರಿಗೆ ಅವರ ಪಾಲು ಕೊಟ್ಟ ಬಗ್ಗೆ ಮೂವರ ಸಹಿಯುಳ್ಳ ರಸೀದಿ ಪಡೆದುಕೊಳ್ಳಿ. ಹೊಸ ಕರಾರಿನಲ್ಲಿ ಉಳಿದ ಮುಂಗಡ ಎಷ್ಟು ಎಂದು ತಿದ್ದಿ ಬರೆಯಿರಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಮೂರನೆಯವರಾಗಿ ಬೇರೆ ಯಾರನ್ನಾದರೂ ಕರೆತರುವುದಾದರೆ, ಈ ಬಾರಿ ಕೀಲಿ ಕೊಡುವ ಮೊದಲು ಕೆಲಸದ ಹೊತ್ತು ಕೇಳಿಕೊಳ್ಳಿ.

ಹಂಚಿನಮನೆ (ಸುಂಟಿಕೊಪ್ಪ):

ಕೇಳುತ್ತೇನೆ ಸಾರ್. ಟೀಚರೂ ಆ ದಿನ ಜೊತೆಗಿರುತ್ತಾರಂತೆ.